ಮಗಳಿಗೊಂದು ಪತ್ರ: ಉತ್ತರಕುಮಾರನ ಪರವಾಗಿ ಒಂದು ಮಾತು

ಹಾಸನ

ಪ್ರೀತಿಯ ಮಗಳೇ,

ಕೆಲಸದ ಅರ್ಜಿಯಲ್ಲಿ ನಿನ್ನ ಸಾಧನೆಯನ್ನು ನೀನೇ ಬರೆದುಕೊಳ್ಳಲು ಕೈ ಹಿಂಜರಿಯುತ್ತದೆ, ಎಲ್ಲವೂ ಉತ್ತರನ ಪೌರುಷದಂತೆ ಕಾಣುತ್ತದೆ ಎಂದು ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಹೆಸರನ್ನು ನೀನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರಲ್ಲಿ ಏನಿದೆಯೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಸುಮಾರು ಕ್ರಿ.ಶ. 450ರದೆನ್ನುವ ಆ ಕಲ್ಲು, ಕೇಕಯ ಪಲ್ಲವರೊಡನೆ ಕಾದಿ ಗೆದ್ದ ವಿಜ ಅರಸನಿಗೆ ‘ಬಾಳ್ಗಳ್ಚು’, ಅಂದರೆ ಕತ್ತಿ ತೊಳೆದ ಗೌರವದ ಉಂಬಳಿಯಾಗಿ, ಹಲ್ಮಿಡಿಯನ್ನೂ ಮೂಳಿವಳ್ಳಿಯನ್ನೂ ಕೊಟ್ಟದ್ದನ್ನು ಹೇಳುತ್ತದೆ. ನನ್ನ ಕಣ್ಣು ನಿಲ್ಲುವುದು ಅದರ ‘ವೀರಪುರುಷ ಸಮಕ್ಷದೆ’ ಎಂಬ ಮಾತಿನ ಮೇಲೆ. ಸಾಕ್ಷಿಗೆ ನಿಂತವರು ಹೊಗಳುಭಟರಲ್ಲ. ತಾವೇ ಕತ್ತಿ ಹಿಡಿದವರು, ಸುಳ್ಳಾದರೆ ಅಲ್ಲಗಳೆಯಬಲ್ಲವರು. ಹೊಯ್ಸಳ ದೊರೆ ವಿಷ್ಣುವರ್ಧನನೂ ತನ್ನ ಚಿನ್ನದ ನಾಣ್ಯದ ಮೇಲೆ ‘ತಲಕಾಡುಗೊಂಡ’ ಎಂದು ಅಚ್ಚೊತ್ತಿಸಿದ. ಜಂಬವೇ ಹೌದು, ಆದರೆ ಚೋಳರಿಂದ ತಲಕಾಡನ್ನು ಅವನು ನಿಜವಾಗಿಯೂ ಗೆದ್ದಿದ್ದ.

ಇನ್ನೂ ಮಾಡದ ಕೆಲಸದ ಬಗ್ಗೆ ಆಡಿದ ದೊಡ್ಡ ಮಾತಿಗೆ ಆ ಕಾಲದವರು ‘ಭಾಷೆ’ ಎನ್ನುತ್ತಿದ್ದರು, ಮತ್ತು ಅದನ್ನು ಸಾಲದಂತೆ ತೀರಿಸಬೇಕಿತ್ತು. ಒಡೆಯ ಸತ್ತರೆ ತಾನೂ ಬದುಕುವುದಿಲ್ಲವೆಂದಿದ್ದ ದಂಡನಾಯಕ ಕುವರಲಕ್ಷ್ಮ, ಅವನ ದೊರೆ ಹೊಯ್ಸಳ ಎರಡನೆಯ ಬಲ್ಲಾಳ ತೀರಿಕೊಂಡಾಗ ಹೆಂಡತಿ ಮತ್ತು ಸಂಗಡಿಗರೊಡನೆ ಪ್ರಾಣ ಕೊಟ್ಟ. ಹಳೇಬೀಡಿನ ಗರುಡಗಂಬದಲ್ಲಿ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವವರ ಕೆತ್ತನೆಯಿದೆ. ನನಗೆ ಅದನ್ನು ನೋಡಿದಾಗಲೆಲ್ಲ ಮೆಚ್ಚುಗೆಗಿಂತ ಸಂಕಟವೇ ಹೆಚ್ಚು.

ಉತ್ತರನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಅವನಿಗೆ ಅನ್ಯಾಯ ಮಾಡಿದೆ. ಅವನ ಮೊದಲ ಮಾತು ಸುಳ್ಳೆಂಬುದು ನಿಜ: ಸೈನ್ಯವೆಲ್ಲ ಬೇರೆ ದಿಕ್ಕಿಗೆ ಹೋಗಿದ್ದಾಗ, ಅಂತಃಪುರದ ಹೆಂಗಸರ ನಡುವೆ, ಸಾರಥಿಯೊಬ್ಬ ಸಿಕ್ಕರೆ ಗೋವುಗಳನ್ನು ಹಿಡಿದ ಕೌರವರನ್ನು ಸದೆಬಡಿಯುತ್ತೇನೆಂದ, ಕೌರವ ಸೇನೆ ಕಣ್ಣಿಗೆ ಬಿದ್ದೊಡನೆ ರಥದಿಂದ ಹಾರಿ ಓಡಿದ. ಗಾದೆ ಅವನನ್ನು ಒಲೆಯ ಮುಂದೆಯೇ ಬಿಟ್ಟುಬಿಡುತ್ತದೆ, ಕಥೆ ಬಿಡುವುದಿಲ್ಲ. ಯುದ್ಧ ಮುಗಿದ ಮೇಲೆ, ಗೆದ್ದವನು ನೀನೇ ಎಂದು ಹೇಳಿಕೋ ಎಂದು, ಬೃಹನ್ನಳೆಯ ವೇಷದಲ್ಲಿ ಸಾರಥಿಯಾಗಿ ಬಂದು ಯುದ್ಧ ಗೆದ್ದಿದ್ದ ಅರ್ಜುನನೇ ಹೇಳಿಕೊಟ್ಟ. ಎದುರು ಹೇಳುವವರು ಯಾರೂ ಇರಲಿಲ್ಲ, ಊರು ಆರತಿ ಹಿಡಿದು ಕಾಯುತ್ತಿತ್ತು; ಆದರೂ ಆ ಹುಡುಗ ತಂದೆಯ ಮುಂದೆ, ಗೋವುಗಳನ್ನು ಬಿಡಿಸಿದವನು ನಾನಲ್ಲ, ಒಬ್ಬ ದೇವಪುತ್ರ ಎಂದ. ಸುಳ್ಳು ಹಬ್ಬಿಸಿದವನು ಅವನ ತಂದೆ ವಿರಾಟ. ಮಗನ ಪ್ರತಾಪ ಕೊಚ್ಚುತ್ತಾ ಪಗಡೆಯಾಡುತ್ತಿದ್ದ ಅವನು, ಗೆಲುವು ಬೃಹನ್ನಳೆಯಿಂದ ಬಂದದ್ದೆಂದ ಕಂಕನ, ಅಂದರೆ ವೇಷ ಮರೆಸಿದ್ದ ಧರ್ಮರಾಯನ, ಮುಖಕ್ಕೆ ದಾಳ ಎಸೆದು ಮೂಗಿನಲ್ಲಿ ರಕ್ತ ಬರಿಸಿದ.

ಆ ವಿರಾಟ ನಾನೇ, ಮಗಳೇ. ಅರಕಲಗೂಡಿನ ಮದುವೆಯಲ್ಲಿ, ನೀವು ನಾಲ್ವರು ಸೇರಿ ಮಾಡಿದ ಕೆಲಸವನ್ನು ನೀನೊಬ್ಬಳೇ ಮುನ್ನಡೆಸಿದೆಯೆಂದು ಬೀಗರ ಮುಂದೆ ಹೇಳಿದೆ. ಅಲ್ಲಿ ನಿನ್ನ ಸಂಗಡಿಗರು ಯಾರೂ ಇರಲಿಲ್ಲವೆಂಬ ಧೈರ್ಯ ನನಗಿತ್ತು.

ನೀನು ಅರ್ಜಿಯಲ್ಲಿ ನಿನ್ನ ಪಾಲನ್ನು ಪೂರ್ತಿಯಾಗಿ, ತಲೆ ತಗ್ಗಿಸದೆ ಬರೆ. ಬರೆದ ಮೇಲೆ ಆ ಮೂವರಿಗೂ ಒಮ್ಮೆ ಓದಿ ಹೇಳು. ಬೀಗರಿಗೆ ನಾನು ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ.

ನಿನ್ನ ಅಪ್ಪ