ನಂಬಿಕೆಯ ಬೇರು ಸಿಕ್ಕಿತೆಂದು ಬೀಗುವ ಗೆಳೆಯನಿಗೆ

ಕೋಲಾರ

ಪ್ರೀತಿಯ ಗೆಳೆಯ,

ನಿನ್ನ ಪತ್ರ ತಲುಪಿತು. "ದೇವರ ನಂಬಿಕೆ ಎಲ್ಲಿಂದ ಬಂತೆಂದು ವಿಜ್ಞಾನ ಕಂಡುಹಿಡಿದಾಯಿತು, ಇನ್ನು ವಾದಕ್ಕೆ ಏನುಳಿದಿದೆ?" ಎಂದು ಕೇಳಿದ್ದೀಯ. ಉಳಿದಿದೆ ಮಹಾರಾಯ, ಮುಕ್ಕಾಲು ಪಾಲು ಉಳಿದಿದೆ. ನಾನೇನೂ ಆಸ್ತಿಕರ ಪರ ವಕಾಲತ್ತು ವಹಿಸಿದವನಲ್ಲ. ಮನೆಯವರ ಜೊತೆ ಗುಡಿಗೆ ಹೋದರೂ ಹೊರಗೆ ಚಪ್ಪಲಿ ಕಾಯುವುದೇ ನನ್ನ ಕೆಲಸ. ಆದರೆ ಗೆಲ್ಲದ ವ್ಯಾಜ್ಯವನ್ನು ಗೆದ್ದೆನೆಂದು ಯಾರಾದರೂ ಹಿಗ್ಗಿದರೆ ನನಗೆ ತಡೆಯಲಾಗುವುದಿಲ್ಲ.

ನೀನು ಹೇಳುವ ಕಥೆ ನನಗೂ ಇಷ್ಟವೇ. ಪೊದೆ ಅಲುಗಿದಾಗ ಗಾಳಿ ಎಂದುಕೊಂಡು ಕೂತವನನ್ನು ಚಿರತೆ ತಿಂದಿತು, ಚಿರತೆ ಎಂದುಕೊಂಡು ಸುಮ್ಮಸುಮ್ಮನೆ ಓಡಿದವನು ಬದುಕಿ ಮಕ್ಕಳನ್ನು ಪಡೆದ. ಅವನ ವಂಶದವರಾದ ನಮಗೆ ಗುಡುಗಿನಲ್ಲೂ ಜ್ವರದಲ್ಲೂ 'ಯಾರೋ ಇದ್ದಾರೆ' ಎನಿಸುತ್ತದೆ. ಮಾನವಶಾಸ್ತ್ರಜ್ಞ ಸ್ಟೂವರ್ಟ್ ಗಥ್ರಿ 1993ರಲ್ಲಿ ಈ ಜಾಡನ್ನು ವಿಸ್ತಾರವಾಗಿ ಹಿಡಿದರು. ಮನೋವಿಜ್ಞಾನಿ ಜಸ್ಟಿನ್ ಬ್ಯಾರೆಟ್ ಅದನ್ನು ಇನ್ನಷ್ಟು ಬೆಳೆಸಿದರು. ಆ ಬ್ಯಾರೆಟ್ ಸ್ವತಃ ಶ್ರದ್ಧಾವಂತ ಕ್ರೈಸ್ತರು ಎಂಬುದನ್ನು ನೀನು ಪತ್ರದಲ್ಲಿ ಜಾಣತನದಿಂದ ಬಿಟ್ಟಿದ್ದೀಯ.

ಇಲ್ಲಿ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳಲ್ಲ, ನಿನ್ನ ಕಥೆ ಅವಳಿಗೆ ಅಳತೆ ತೆಗೆದು ಹೊಲಿದಂತಿದೆ. ಬಂಡೆಗಲ್ಲಿನ ಸೀಮೆ, ಕಲ್ಲೆತ್ತಿದರೆ ಚೇಳು, ಬರಿಗಾಲಿನ ಜನ. ಚೇಳಿನ ಹಿಂದೆ ಒಬ್ಬಳು ಒಡತಿ ಇದ್ದಾಳೆ, ಅವಳನ್ನು ಒಲಿಸಿಕೊಂಡರೆ ಚೇಳು ಕುಟುಕದು ಎನಿಸಿದ್ದರಲ್ಲಿ ಸೋಜಿಗವಿಲ್ಲ. ಹಾಗೆಂದೇ ನೆಲದೊಳಗಿನ ಹುಂಡಿಗೆ ತಲೆತಲಾಂತರದಿಂದ ಕಾಸು ಬೀಳುತ್ತಿದೆ. ಭಯ ಮತ್ತು ಆಸೆಯಿಂದಲೇ ದೇವತೆಗಳು ಹುಟ್ಟಿದರೆಂದು 1757ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್ ಬರೆದಿದ್ದ. ಆದರೆ ಅವನು ಮೊದಲ ಪುಟದಲ್ಲೇ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದ: ಧರ್ಮಕ್ಕೆ ತರ್ಕದ ಆಧಾರವೇನು, ಮನುಷ್ಯ ಸ್ವಭಾವದಲ್ಲಿ ಅದರ ಮೂಲವೇನು. ಫ್ರಾಯ್ಡ್ ಕೂಡ 1927ರಲ್ಲಿ ಧರ್ಮವನ್ನು ಬಯಕೆಯಿಂದ ಹುಟ್ಟಿದ ಭ್ರಮೆ ಎಂದು ಕರೆದು, ಭ್ರಮೆ ಎಂದಮಾತ್ರಕ್ಕೆ ಅದು ಸುಳ್ಳಾಗಲೇಬೇಕಿಲ್ಲ ಎಂದೂ ಸೇರಿಸಿದ್ದ. ಗುರುಗಳು ತೋರಿದ ಎಚ್ಚರ ಶಿಷ್ಯರಿಗೆ ಬರಲಿಲ್ಲ.

ಹಾಗಾದರೆ ಹುಟ್ಟಿಗೂ ನಿಜಕ್ಕೂ ಸಂಬಂಧವೇ ಇಲ್ಲವೆಂದು ಕೈ ತೊಳೆದುಕೊಳ್ಳಬಹುದೇ? ಆಸ್ತಿಕ ಮಿತ್ರರು ಹಾಗೆ ತೊಳೆದುಕೊಳ್ಳುತ್ತಾರೆ. ಅದೂ ಸರಿಯಲ್ಲ.

ನಮ್ಮ ಮಾವನವರ ತೋಟದಲ್ಲಿ ಕೊಳವೆಬಾವಿ ಕೊರೆಸುವ ಮೊದಲು ನೀರು ನೋಡುವವರನ್ನು ಕರೆಸಿದ್ದರು. ಜುಟ್ಟಿದ್ದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಆತ ಬರಿಗಾಲಲ್ಲಿ ಬದುವಿನ ಗುಂಟ ನಡೆದರು. ಹುಣಸೆ ಮರ ದಾಟಿದ ಮೇಲೆ ಕಾಯಿ ನಿಧಾನವಾಗಿ ಎದ್ದು ನೆಟ್ಟಗೆ ನಿಂತಿತು. ಆತನ ಮುಂಗೈ ನರಗಳು ಬಿಗಿದಿದ್ದವು, ಹಣೆಯಲ್ಲಿ ಬೆವರು. ಮೋಸಗಾರರಲ್ಲ, ಕಾಯಿ ತಾನೇ ಎದ್ದಿತೆಂದು ಅವರೂ ಮನಸಾರೆ ನಂಬಿದ್ದರು. ಮನಸ್ಸಿನಲ್ಲಿರುವ ನಿರೀಕ್ಷೆಯೇ ನಮಗೆ ತಿಳಿಯದಂತೆ ಸ್ನಾಯುಗಳನ್ನು ಆಡಿಸುತ್ತದೆ ಎಂದು ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ವಿಲಿಯಂ ಕಾರ್ಪೆಂಟರ್ 1852ರಲ್ಲೇ ವಿವರಿಸಿದ್ದರು. ಈ ವಿವರಣೆ ಒಪ್ಪಿದ ಮೇಲೆ ಕಾಯಿಯ ಸಾಕ್ಷಿಗೆ ಬೆಲೆ ಉಳಿಯುವುದಿಲ್ಲ, ಏಕೆಂದರೆ ಕೆಳಗೆ ನೀರಿರಲಿ, ಬರೀ ಕಲ್ಲಿರಲಿ, ಕಾಯಿ ಏಳುತ್ತಿತ್ತು. ಆದರೆ ಅಲ್ಲಿ ನೀರಿಲ್ಲ ಎಂದು ಅದರಿಂದ ಸಾಬೀತಾಯಿತೇ? ಇಲ್ಲ. ಬಿದ್ದದ್ದು ಸಾಕ್ಷಿ, ನೀರಲ್ಲ. ನೀರಿನ ತೀರ್ಪು ಕೊಡುವುದಕ್ಕೆ ರಿಗ್ ಲಾರಿ ಬರುತ್ತದೆ. ಸಾವಿರ ಅಡಿಗೂ ಧೂಳೇ ಹಾರಿದರೆ ಮಾತು ಮುಗಿಯಿತು. ದೇವರ ವಿಷಯದಲ್ಲಿ ಆ ಲಾರಿಯನ್ನು ಎಲ್ಲಿಂದ ತರಿಸುತ್ತೀಯ?

ಇದನ್ನೆಲ್ಲ ಪಡುವಣದವರೇ ಕಲಿಸಬೇಕಾಗಿರಲಿಲ್ಲ. ವೇದವೇ ಪ್ರಮಾಣವೆಂದು ವಾದಿಸುವ ಮೀಮಾಂಸಾ ದರ್ಶನದ ಹಳೆಯ ಪಂಡಿತ ಕುಮಾರಿಲ ಭಟ್ಟನ ಪ್ರಕಾರ ಜ್ಞಾನ ಹುಟ್ಟಿದೊಡನೆ ಪ್ರಮಾಣ, ಅಂದರೆ ಅದನ್ನು ನಿಜವೆಂದೇ ಹಿಡಿಯಬೇಕು. ಅದನ್ನು ಕೆಳಗಿಳಿಸಲು ಒಂದೋ ಅದನ್ನು ತಳ್ಳಿಹಾಕುವ ಬಾಧಕ ಜ್ಞಾನ ಬರಬೇಕು, ಇಲ್ಲವೇ ಅದು ಹುಟ್ಟಿದ ಕಾರಣದಲ್ಲಿ ದೋಷ ಕಾಣಿಸಬೇಕು. ಕಾಮಾಲೆಯವನಿಗೆ ಶಂಖ ಹಳದಿಯಾಗಿ ಕಂಡರೆ ಶಂಖವನ್ನು ಪರೀಕ್ಷಿಸಬೇಕಿಲ್ಲ, ಕಣ್ಣಿನ ರೋಗ ತಿಳಿದರೆ ಸಾಕು. ಅಂದರೆ ಕಾರಣವಿದೆ ಎಂದು ತೋರಿಸಿದರೆ ಸಾಲದು, ಕಾರಣ ಕೆಟ್ಟಿದೆ ಎಂದು ತೋರಿಸಬೇಕು. ಆರೋಗ್ಯವಂತನ ಕಣ್ಣಿಗೂ ಕಾರಣವಿದೆಯಲ್ಲ! (ವೇದವನ್ನು ಹೀಗೆ ಕಾಯ್ದ ಕುಮಾರಿಲ ಜಗತ್ತನ್ನು ಸೃಷ್ಟಿಸಿದ ಈಶ್ವರನೊಬ್ಬನಿದ್ದಾನೆ ಎಂಬುದನ್ನು ಮಾತ್ರ ಒಪ್ಪಲಿಲ್ಲ. ನಮ್ಮ ಊರಿನ ಪ್ರವಚನಕಾರರಿಗೆ ಇದನ್ನು ಹೇಳಿ ನೋಡು, ಮುಖ ನೋಡುವಂತಿರುತ್ತದೆ.)

ಅಮೆರಿಕದ ಆಸ್ತಿಕ ತತ್ತ್ವಜ್ಞಾನಿ ಆಲ್ವಿನ್ ಪ್ಲಾಂಟಿಂಗಾ ಹಿಡಿಯುವುದು ಇದೇ ಎಳೆಯನ್ನು. ದೇವರಿದ್ದರೆ, ತನ್ನನ್ನು ನಂಬುವ ಬುದ್ಧಿಯನ್ನು ಅವನೇ ನಮ್ಮಲ್ಲಿ ಇಟ್ಟಿರಬಹುದು. ಆಗ ಆ ಬುದ್ಧಿ ಕೆಟ್ಟದ್ದಾಗುವುದಿಲ್ಲ. ಹಾಗಾಗಿ ದೇವರಿಲ್ಲ ಎಂದು ಮೊದಲೇ ಊಹಿಸದೆ ಕಾರಣ ಕೆಟ್ಟಿದೆ ಎನ್ನಲು ಬರುವುದಿಲ್ಲ ಎಂಬುದು ಅವರ ಪಟ್ಟು. ಚತುರ ವಾದವೇ. ನನಗೆ ಅಗ್ಗವೆನಿಸುತ್ತದೆ. ಇದೇ ಮಾತನ್ನು ಚೇಳಮ್ಮನ ಪರವಾಗಿಯೂ ಆಡಬಹುದು, ಪಕ್ಕದ ದರ್ಗಾದ ಪರವಾಗಿಯೂ ಆಡಬಹುದು. ಒಂದೇ ಬುದ್ಧಿ ಊರಿಗೊಂದು ದೇವರನ್ನು ತೋರಿಸುತ್ತಿದ್ದರೆ, ಯಾವ ದೇವರು ಎಂಬ ವಿಷಯದಲ್ಲಾದರೂ ಅದರ ಸಾಕ್ಷಿ ನಂಬಲರ್ಹವಲ್ಲ.

ನನ್ನ ತೀರ್ಮಾನ ಇಷ್ಟು. ನಿನ್ನ ವಿವರಣೆ ಹೆಸರು, ಮುಖ, ಹಬ್ಬ, ಮುನಿಸು ಇರುವ ದೇವರನ್ನು ನಿಜವಾಗಿಯೂ ಗಾಯಗೊಳಿಸುತ್ತದೆ. ಗುಣವಿಲ್ಲದ, ಆಕಾರವಿಲ್ಲದ ತತ್ತ್ವಜ್ಞಾನಿಗಳ ದೇವರು ತಪ್ಪಿಸಿಕೊಳ್ಳುತ್ತಾನೆ. ಪೊದೆಯ ಹಿಂದಿನ ಚಿರತೆಯಿಂದ ಅಂಥವನು ಹುಟ್ಟಲಾರ. ತಮಾಷೆಯೆಂದರೆ ಆ ತಪ್ಪಿಸಿಕೊಂಡವನಿಗೆ ಯಾರೂ ಹರಕೆ ಹೊರುವುದಿಲ್ಲ, ಮುಡಿ ಕೊಡುವುದಿಲ್ಲ.

ನಮ್ಮ ಎಚ್. ನರಸಿಂಹಯ್ಯನವರು ಈ ಗೋಜಿಗೇ ಹೋಗಲಿಲ್ಲ ನೋಡು. ಗೌರಿಬಿದನೂರು ಆಗ ನಮ್ಮ ಜಿಲ್ಲೆಯಲ್ಲೇ ಇತ್ತು. ಅಲ್ಲಿನ ಹೊಸೂರಿನ ಬಡ ಹುಡುಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದರು. ಭಕ್ತರು ಏಕೆ ನಂಬುತ್ತಾರೆ ಎಂಬುದು ಆ ಸಮಿತಿಯ ಪ್ರಶ್ನೆಯಾಗಿರಲಿಲ್ಲ. ಪವಾಡ ನಡೆಯುತ್ತದೆಯೇ, ತೋರಿಸಿ ಎಂದರು. ರಿಗ್ ಲಾರಿ ಹೋಗಬಲ್ಲ ಜಾಗಕ್ಕೆ ಅದನ್ನು ಒಯ್ದರು. ನಂಬುವವನ ತಲೆಯೊಳಗೆ ಇಣುಕುವುದಕ್ಕಿಂತ ಇದು ಅವನಿಗೆ ಹೆಚ್ಚು ಮರ್ಯಾದೆ ಕೊಡುವ ದಾರಿ ಎಂದು ನನಗನಿಸುತ್ತದೆ.

ಈಗ ನಿನಗೊಂದು ಕೆಲಸ. ಬಲಹೀನರನ್ನು ಹಿಂಸಿಸುವುದು ತಪ್ಪು ಎಂದು ನೀನು ದೇವರಿಲ್ಲದೆಯೇ ಗಟ್ಟಿಯಾಗಿ ನಂಬಿದ್ದೀಯ. ಒಟ್ಟಾಗಿ ಬದುಕಲು ಅನುಕೂಲವಾದ್ದರಿಂದ ಆ ಭಾವನೆ ಉಳಿದು ಬಂತು ಎಂದು ವಿಕಾಸವಾದ ಅದಕ್ಕೂ ಇಂಥದೇ ಕಥೆ ಹೇಳುತ್ತದೆ. ಅಮೆರಿಕದ ತತ್ತ್ವಜ್ಞಾನಿ ಶ್ಯಾರನ್ ಸ್ಟ್ರೀಟ್ 2006ರಲ್ಲಿ ಇದೇ ಅಸ್ತ್ರವನ್ನು ನೀತಿಯ ಕಡೆಗೆ ತಿರುಗಿಸಿದರು: ನಮ್ಮ ಮನೋಭಾವಕ್ಕೆ ಹೊರತಾದ ನೈತಿಕ ಸತ್ಯಗಳಿವೆ ಎನ್ನುವವರು ಇದಕ್ಕೆ ಉತ್ತರಿಸಲಿ ಎಂದರು. ಒಂದನ್ನು ಉರುಳಿಸಿದ ಕಥೆ ಇನ್ನೊಂದನ್ನೇಕೆ ಉರುಳಿಸುವುದಿಲ್ಲ? ನನಗೊಂದು ಉತ್ತರ ತೋಚಿದೆ, ಈಗ ಹೇಳುವುದಿಲ್ಲ. ಮೊದಲು ನಿನ್ನದು ಬರಲಿ. ಆ ಮೂರು ಸಾಲಿನ ಮೊಬೈಲ್ ಸಂದೇಶ ಬೇಡ, ಕಾಗದದ ಮೇಲೆ ಬರೆ.

ಇಂತಿ ನಿನ್ನ,
ಹಳೆಯ ಜಗಳಗಂಟ