ಪುಸ್ತಕ ಪ್ರೆಸ್ಸಿಗೆ ಹೋಯಿತು, ಅಮ್ಮ ಮನೆಗೆ ಬಂದರು

ಎಲ್ಲರಿಗೂ ನಮಸ್ಕಾರ. ಎರಡು ಸುದ್ದಿ ಒಟ್ಟಿಗೇ ಹೇಳುತ್ತಿದ್ದೇನೆ. ಅಮ್ಮ ಹಾಸನದ ಮನೆಗೆ ವಾಪಸ್ ಬಂದಿದ್ದಾರೆ, ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅನ್ನುವಷ್ಟು ಸುಧಾರಿಸಿದ್ದಾರೆ. ದಕ್ಷಿಣದ ರಾಜ್ಯಗಳು ಕರೆಂಟ್ ಹಂಚಿಕೊಳ್ಳಲು ಕಲಿತ ಕಥೆ, ಹೈಸ್ಕೂಲ್ ಮಕ್ಕಳಿಗೆ ಅಂತ ನಾನು ಬರೆಯುತ್ತಿದ್ದದ್ದು, ಕೊನೆಗೂ ಪ್ರೆಸ್ಸಿಗೆ ಹೋಗಿದೆ. ಕಾಯಿಲೆ ವಿಷಯ ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯುವುದಿಲ್ಲ.

ನನ್ನ ಕ್ಲಾಸುಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಬೇಲೂರಿನಿಂದ ಊಟ ಕಳಿಸುತ್ತಿದ್ದ ಅತ್ತಿಗೆಗೆ, ಬೆಂಗಳೂರಿನಲ್ಲಿ ಹಳೇ ವರದಿಗಳನ್ನು ಹುಡುಕಿಕೊಟ್ಟ ತಮ್ಮನಿಗೆ, ನನ್ನ ಅಕ್ಷರ ಓದಿ ಟೈಪ್ ಮಾಡಿದ ಡಿಟಿಪಿ ಹುಡುಗಿಗೆ ಮನಸಾರೆ ಥ್ಯಾಂಕ್ಸ್. ಚಿಕ್ಕಮಗಳೂರಿನ ಗೆಳತಿ ಮೆಸ್ಕಾಂ, ಅಂದರೆ ಮಂಗಳೂರಿನ ವಿದ್ಯುತ್ ಸರಬರಾಜು ಕಂಪನಿಯ ಅಧ್ಯಾಯ ಓದಿಕೊಟ್ಟಳು. 2005ರಲ್ಲಿ ಹಾಸನ ಮೆಸ್ಕಾಂ ಬಿಟ್ಟು ಮೈಸೂರಿನ ಚಾಮುಂಡೇಶ್ವರಿ ಕಂಪನಿಗೆ ಸೇರಿತು, ಚಿಕ್ಕಮಗಳೂರು ಅಲ್ಲೇ ಉಳಿಯಿತು. ಅಕ್ಕಪಕ್ಕದ ಜಿಲ್ಲೆ, ಬೇರೆ ಬೇರೆ ಬಿಲ್ಲು. ಅದು ಮಕ್ಕಳಿಗೆ ಅರ್ಥವಾಗುವ ಹಾಗೆ ಬಂದಿದ್ದು ಅವಳಿಂದ.

ಇನ್ನು ಕೆಇಬಿ ಮಾಮ.

ನಮ್ಮ ಬೀದಿಯವರಿಗೆ ಅವರು ಯಾರು ಅಂತ ಹೇಳಬೇಕಿಲ್ಲ. ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವರು, ರಿಟೈರ್ ಆಗಿ ತುಂಬಾ ವರ್ಷವಾಯಿತು. ಅಮ್ಮನ ಆ ರಾತ್ರಿ ಡಾಕ್ಟರು ಬೆಳಗಿನವರೆಗೆ ಏನೂ ಹೇಳಲಾಗುವುದಿಲ್ಲ ಅಂದಾಗ, ಐಸಿಯು ಹೊರಗಿನ ಬೆಂಚಿನ ಮೇಲೆ ನನ್ನ ಪಕ್ಕ ಇದ್ದವರು ಅವರೊಬ್ಬರೇ. ಮನೆಗೆ ಹೋಗಿ ಅಂದೆ. "ನಂಗೆ ರಾತ್ರಿ ಎಚ್ಚರ ಇರೋದು ಅಭ್ಯಾಸ ಕಣಮ್ಮ" ಅಂದರು. ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಗಂಟೆಗೊಮ್ಮೆ ಎದ್ದು ಹೋಗಿ ನರ್ಸ್ ಹತ್ತಿರ ಕೇಳಿಕೊಂಡು ಬರುತ್ತಿದ್ದರು.

ನಾನು ಅಳು ನಿಲ್ಲಿಸದಿದ್ದಾಗ ಅವರು ತಮ್ಮ ನೈಟ್ ಶಿಫ್ಟಿನ ಮಾತು ತೆಗೆದರು. ಗಂಟೆಗೊಮ್ಮೆ ಲಾಗ್ ಪುಸ್ತಕದಲ್ಲಿ ವೋಲ್ಟೇಜು, ಫ್ರೀಕ್ವೆನ್ಸಿ ಬರೆಯಬೇಕು. ಫ್ರೀಕ್ವೆನ್ಸಿ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಅನ್ನುವ ಲೆಕ್ಕ. 50 ಇರಬೇಕಾದದ್ದು 48.5ರ ಹತ್ತಿರಕ್ಕೆ ಇಳಿಯುತ್ತಿತ್ತು. ಯಾಕೆ? ದಕ್ಷಿಣದ ಎಲ್ಲ ರಾಜ್ಯದ ಲೈನುಗಳೂ ಒಂದಕ್ಕೊಂದು ಸೇರಿಕೊಂಡಿವೆ. ಒಬ್ಬರು ಜಾಸ್ತಿ ಎಳೆದರೆ ಎಲ್ಲರ ಫ್ರೀಕ್ವೆನ್ಸಿಯೂ ಬೀಳುತ್ತದೆ. ಹಾಸನದ ಪಂಪ್‌ಸೆಟ್ಟೂ ನಿಧಾನ, ಕೊಯಮತ್ತೂರಿನ ಮೋಟರೂ ನಿಧಾನ. ಆಗ ಫೋನ್ ಬರುತ್ತಿತ್ತು, ಹೈ ಟೆನ್ಷನ್ ತಂತಿಯ ಮೇಲೇ ಮಾತು ಹೋಗುವ ಆ ಕ್ಯಾರಿಯರ್ ಫೋನು. ಲೋಡ್ ತೆಗೆಯಿರಿ, ಅಂದರೆ ಒಂದಷ್ಟು ಕಡೆ ಕರೆಂಟ್ ಕಟ್ ಮಾಡಿ ಅಂತ. ಒಂದು ರಾತ್ರಿ ಅವರು ತೆಗೆದದ್ದು ತಮ್ಮ ಮನೆಗೆ ಕರೆಂಟ್ ಬರುವ ಫೀಡರ್ ಲೈನನ್ನೇ. ಮಾರನೇ ದಿನ ಮಗಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. "ತೆಗೀದಿದ್ರೆ ಎಲ್ರದ್ದೂ ಹೋಗೋದು ಕಣಮ್ಮ" ಅಂದರು. ಅಷ್ಟು ವರ್ಷವಾದರೂ ಅದನ್ನು ಹೇಳುವಾಗ ಅವರ ದನಿ ನಡುಗಿತು.

1964ರಲ್ಲಿ ಕೇಂದ್ರ ಸರ್ಕಾರ ದೇಶವನ್ನು ಐದು ವಲಯ ಮಾಡಿ ಪ್ರಾದೇಶಿಕ ವಿದ್ಯುತ್ ಮಂಡಳಿಗಳನ್ನು ಕಟ್ಟಿತು, ದಕ್ಷಿಣದ್ದು ಬೆಂಗಳೂರಿನಲ್ಲಿ ಅಂತ ನಾನು ಪುಸ್ತಕದಲ್ಲಿ ಆಗಲೇ ಬರೆದಿದ್ದೆ. ಆ ಮಂಡಳಿಗೆ ಶುರುವಿನಲ್ಲಿ ಹುಕುಂ ಮಾಡುವ ಬಲ ಇರಲಿಲ್ಲ ಅಂತಲೂ ಬರೆದಿದ್ದೆ. ಯಾವ ಪವರ್‌ಹೌಸ್ ಯಾವ ತಿಂಗಳು ರಿಪೇರಿಗೆ ನಿಲ್ಲಬೇಕು, ಮಳೆ ಕೈಕೊಟ್ಟು ಶರಾವತಿಯೋ ಇಡುಕ್ಕಿಯೋ ಬತ್ತಿದರೆ ಯಾರು ಯಾರಿಗೆ ಕೊಡಬೇಕು, ಎಲ್ಲವನ್ನೂ ಕೂತು ಮಾತಾಡಿ ಒಪ್ಪಿಸಬೇಕು. ನಾನು ಇದನ್ನೆಲ್ಲ ಮೀಟಿಂಗಿನ ಕಡೆಯಿಂದ ನೋಡುತ್ತಿದ್ದೆ. ಮೀಟಿಂಗ್ ಒಪ್ಪಂದ ಮುರಿದ ರಾತ್ರಿ ಸ್ವಿಚ್ ಹತ್ತಿರ ಯಾರು ನಿಂತಿದ್ದರು ಅನ್ನುವುದನ್ನು ಮಾಮ ತೋರಿಸಿದರು. 2003ರ ಜನವರಿಯಿಂದ ದಕ್ಷಿಣದಲ್ಲಿ ಹೊಸ ದರ ಪದ್ಧತಿ ಬಂತು. ಫ್ರೀಕ್ವೆನ್ಸಿ ಬಿದ್ದಾಗ ಪಾಲಿಗಿಂತ ಜಾಸ್ತಿ ಎಳೆದವರು ಜಾಸ್ತಿ ದುಡ್ಡು ಕಟ್ಟಬೇಕು. ಲಾಗ್ ಪುಸ್ತಕದ ಅಂಕಿ ಮೇಲಕ್ಕೆ ಬಂತು, ಅದನ್ನು ಬರೆಯುವಾಗ ಎಷ್ಟು ಖುಷಿ ಆಗುತ್ತಿತ್ತು ಅಂತ ಮಾಮ ಹೇಳಿದರು.

ಬೆಳಗಿನ ಜಾವ ನನಗೆ ಪೂರ್ತಿ ಸಾಕಾಯಿತು. ಪುಸ್ತಕ ಬೇಡ, ಏನೂ ಬೇಡ, ಅಮ್ಮ ಉಳಿದರೆ ಸಾಕು ಅಂದೆ. ಅಮ್ಮ ಇಲ್ಲದ ಮನೆಯ ಬೀಗ ತೆಗೆಯುವುದು ಹೇಗೆ ಅಂತ ಅವರನ್ನೇ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಸುಮ್ನೆ ಕೈ ಹಿಡಿದುಕೊಂಡು ಕೂತರು. ಡಾಕ್ಟರು ಬರುವವರೆಗೂ ಬಿಡಲಿಲ್ಲ.

ಆಮೇಲೆ ವಾರ್ಡಿನಲ್ಲಿ ಅಮ್ಮ ಮಲಗಿರುವಾಗ ಮಂಡಳಿಯ ಆ ಅಧ್ಯಾಯವನ್ನು ಮೊದಲಿಂದ ಬರೆದೆ. ಪ್ರತಿ ಪುಟವನ್ನೂ ಮಾಮ ಓದಿದರು. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತ ಕತ್ತಲಾದಾಗ ನಮ್ಮ ಕಡೆ ದೀಪ ಯಾಕೆ ಉರಿಯುತ್ತಿತ್ತು ಅನ್ನುವ ಭಾಗವನ್ನು ಎರಡು ಸಲ ತಿದ್ದಿಸಿದರು. ದಕ್ಷಿಣದ ಗ್ರಿಡ್, ಅಂದರೆ ಒಂದಕ್ಕೊಂದು ಸೇರಿದ ಲೈನುಗಳ ಜಾಲ, ಆಗ ಉಳಿದ ದೇಶದ ಜೊತೆ ಒಂದೇ ತಾಳಕ್ಕೆ, ಒಂದೇ ಫ್ರೀಕ್ವೆನ್ಸಿಗೆ ಸೇರಿರಲಿಲ್ಲ. ಸೇರಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೋಲಾಪುರ ಲೈನಿನಿಂದ. 2006ರಲ್ಲಿ ಹಳೇ ಮಂಡಳಿಯ ಜಾಗಕ್ಕೆ ಪ್ರಾದೇಶಿಕ ವಿದ್ಯುತ್ ಸಮಿತಿ ಬಂದದ್ದನ್ನು ಮಾತ್ರ ಎರಡೇ ಸಾಲಿನಲ್ಲಿ ಮುಗಿಸಿದ್ದೇನೆ, ಅವರಿಗೂ ಅಷ್ಟು ಸಾಕು ಅನ್ನಿಸಿತು.

ಪುಸ್ತಕವನ್ನು ಅವರಿಗೇ ಅರ್ಪಿಸಿದ್ದೇನೆ. ಬೇಡ ಅಂದರು, ನಾನು ಕೇಳಲಿಲ್ಲ. ಪ್ರತಿಗಳು ಬಂದ ಮೇಲೆ ಸ್ಕೂಲಿನ ಲೈಬ್ರರಿಯಲ್ಲಿ ಇಟ್ಟಿರುತ್ತೇನೆ, ಬೇಕಾದವರು ಬಂದು ತೆಗೆದುಕೊಳ್ಳಿ. ಅಮ್ಮನನ್ನು ನೋಡಲು ಬರುವವರು ಸಂಜೆ ಬನ್ನಿ, ಮಧ್ಯಾಹ್ನ ಮಲಗಿರುತ್ತಾರೆ.