ಆ ಫೋಟೊದಲ್ಲಿ ದಾರಿ ತಪ್ಪಿದ್ದು ನಾನು

ಸಂಪಾದಕರಿಗೆ ನಮಸ್ಕಾರ.

ಕಳೆದ ಸೋಮವಾರ ನಿಮ್ಮ ಪತ್ರಿಕೆಯ ನಗರ ಪುಟದಲ್ಲಿ ಒಂದು ಫೋಟೊ ಬಂದಿತ್ತು. ರಾಗಿ ಕೊಯ್ದ ಹೊಲ. ಕೆಂಪು ಬೆಲ್ಟು ಹಾಕಿದ ಲ್ಯಾಬ್ರಡಾರ್ ನಾಯಿಯೊಂದು ಕತ್ತು ಹೊರಳಿಸಿ ಹಿಂದಕ್ಕೆ ನೋಡುತ್ತಿದೆ. ಕೆಳಗೆ ‘ವಾಸನೆ ಪರೀಕ್ಷೆಯಲ್ಲಿ ದಾರಿ ತಪ್ಪಿ ಕಂಗಾಲಾದ ಶ್ವಾನ’ ಎಂದು ಬರೆದಿದ್ದೀರಿ. ಆ ನಾಯಿ ನಮ್ಮದು. ಹೆಸರು ಬೆಲ್ಲ. ಅದಕ್ಕೆ ಕಟ್ಟಿದ ಹಗ್ಗದ ಇನ್ನೊಂದು ತುದಿ ನನ್ನ ಕೈಯಲ್ಲಿತ್ತು. ಫೋಟೊದಲ್ಲಿ ಹಗ್ಗ ಕಾಣುತ್ತದೆ, ನಾನು ಕಾಣುವುದಿಲ್ಲ. ತಕರಾರು ಇರುವುದೇ ಅಲ್ಲಿ.

ನಾನು 34 ವರ್ಷ ಸರ್ವೆ ಇಲಾಖೆಯಲ್ಲಿ ಇದ್ದವನು. ಬೆಂಗಳೂರು ಗ್ರಾಮಾಂತರದ ಹೊಲಗಳಲ್ಲಿ ಜಮೀನು ಅಳೆಯುವ ಸರಪಳಿ ಎಳೆದು ಎಳೆದು ಮಂಡಿ ಸವೆಸಿಕೊಂಡವನು. ಬೆಲ್ಲ ನನ್ನ ಮಗನ ನಾಯಿ. ಅವನು ಕೆಲಸಕ್ಕೆಂದು ಜರ್ಮನಿಗೆ ಹೋದ. ‘ಆರು ತಿಂಗಳು ನೋಡ್ಕೊಳ್ಳಿ ಅಪ್ಪ’ ಅಂದ. ಮೂರು ವರ್ಷ ಆಯಿತು. ಸುಮ್ನೆ ಮನೆಯಲ್ಲಿ ಕೂತರೆ ಇಬ್ಬರೂ ದಪ್ಪ ಆಗುತ್ತೇವೆ ಅಂತ ನನ್ನಾಕೆ ನಮ್ಮಿಬ್ಬರನ್ನೂ ಒಂದು ನಾಯಿ ಕ್ಲಬ್ಬಿಗೆ ಸೇರಿಸಿದಳು. ಅಲ್ಲಿ ಜಾಡು ಹಿಡಿಯುವುದನ್ನು ಕಲಿಸುವವರು ಪೊಲೀಸ್ ಡಾಗ್ ಸ್ಕ್ವಾಡಿನಿಂದ ನಿವೃತ್ತರಾದ ಒಬ್ಬರು. ಮೊದಮೊದಲು ಒಬ್ಬರು ನಡೆದು ಹೋದ ಒಂದೊಂದು ಹೆಜ್ಜೆಯಲ್ಲೂ ಮಾಂಸದ ಚೂರು ಇಡುತ್ತಾರೆ. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ. ಹಾಗಾಗಿ ಬೆಲ್ಲ ಜಾಡು ಕಲಿತದ್ದು ಪನೀರಿನಲ್ಲಿ. ಆಮೇಲೆ ಚೂರುಗಳನ್ನು ಕಡಿಮೆ ಮಾಡುತ್ತಾ ಹೋಗಿ, ಕೊನೆಗೆ ಬರೀ ವಾಸನೆ ಉಳಿಯುತ್ತದೆ.

ನಿಮ್ಮ ವರದಿಯಲ್ಲಿ ‘ಸ್ಪರ್ಧೆ’ ಎಂದೂ ಇದೆ. ಇದು ಸ್ಪರ್ಧೆ ಅಲ್ಲ. ಇಲ್ಲಿ ಮೊದಲನೇ ಬಹುಮಾನ, ಎರಡನೇ ಬಹುಮಾನ ಅಂತ ಇರುವುದಿಲ್ಲ. ಪಾಸು ಅಥವಾ ಫೇಲು, ಅಷ್ಟೆ. ನಮ್ಮ ಕ್ಲಬ್ಬಿನವರು ಅಮೆರಿಕನ್ ಕೆನಲ್ ಕ್ಲಬ್ಬಿನ ಮೊದಲ ಹಂತದ ಪರೀಕ್ಷೆಯ ನಿಯಮಗಳನ್ನೇ ಇಟ್ಟುಕೊಂಡಿದ್ದರು. ನಾಯಿಗೆ ಗುರುತಿಲ್ಲದ ಒಬ್ಬರು ಹೊಲದಲ್ಲಿ 440ರಿಂದ 500 ಗಜ ನಡೆಯಬೇಕು. ನಮ್ಮ ಲೆಕ್ಕದಲ್ಲಿ 40ರಿಂದ 45 ಸರಪಳಿ. ನಡುವೆ ಮೂರರಿಂದ ಐದು ತಿರುವು. ಕೊನೆಯಲ್ಲಿ ಒಂದು ಕೈಗವಸನ್ನೋ ಪರ್ಸನ್ನೋ ಬೀಳಿಸಿ ಬರಬೇಕು. ಆ ಜಾಡು ಕನಿಷ್ಠ ಅರ್ಧ ಗಂಟೆ, ಹೆಚ್ಚೆಂದರೆ ಎರಡು ಗಂಟೆ ಹಳತಾಗಿರಬೇಕು. ಆಮೇಲೆ ನಾಯಿಯನ್ನು ಬಿಡುತ್ತಾರೆ. ಶುರುವಿನಲ್ಲಿ ಒಂದು ಬಾವುಟ, 30 ಗಜ ದೂರದಲ್ಲಿ ಇನ್ನೊಂದು. ಅಲ್ಲಿಂದ ಮುಂದೆ ಗುರುತು ಇಲ್ಲ. ಹಗ್ಗ ಹಿಡಿದವನಿಗೆ ದಾರಿ ಗೊತ್ತಿರುವುದಿಲ್ಲ. ಅವನು ನಾಯಿಗಿಂತ ಕನಿಷ್ಠ 20 ಅಡಿ ಹಿಂದೆ ಇರಬೇಕು. ಇಬ್ಬರು ಜಡ್ಜ್‌ಗಳು ನಕ್ಷೆ ಹಿಡಿದು ಹಿಂದೆ ಬರುತ್ತಾರೆ. ನಾಯಿ ಜಾಡು ಬಿಟ್ಟಿತು ಅನಿಸಿದರೆ ಸೀಟಿ ಊದುತ್ತಾರೆ.

ನನ್ನ ಹಗ್ಗ ಹತ್ತು ಮೀಟರಿನದು. ಹೆಚ್ಚುಕಡಿಮೆ 33 ಅಡಿ. ನಮ್ಮ ಸರಪಳಿಯೂ 33 ಅಡಿಯೇ, ಅದರ ಚೌಕವೇ ಒಂದು ಗುಂಟೆ. ಅದನ್ನು ಕೈಗೆ ತೆಗೆದುಕೊಂಡಾಗ ಇದು ನನ್ನದೇ ಕಸುಬು ಅನಿಸಿಬಿಟ್ಟಿತು. ಎಡವಟ್ಟಿನ ಬೇರು ಇರುವುದೂ ಅಲ್ಲೇ.

ಸಂಕ್ರಾಂತಿ ಕಳೆದ ಭಾನುವಾರ, ದೊಡ್ಡಬಳ್ಳಾಪುರದ ಕಡೆ ಒಬ್ಬ ರೈತರ ಹೊಲ. ರಾಗಿ ಕೊಯ್ದು ಕೂಳೆ ಮಾತ್ರ ಉಳಿದಿತ್ತು. ಎಡಗಡೆ, ರಾಗಿಯ ನಡುವೆ ಬಿತ್ತುವ ಅಕ್ಕಡಿ ಸಾಲಿನ ಅವರೆ ಇನ್ನೂ ನಿಂತಿತ್ತು. ಇಬ್ಬನಿ ಚೆನ್ನಾಗಿ ಬಿದ್ದಿತ್ತು. ತಂಪು ಇದ್ದಷ್ಟು ಹೊತ್ತು ವಾಸನೆ ನೆಲಕ್ಕೆ ಅಂಟಿಕೊಂಡಿರುತ್ತದೆ, ಬಿಸಿಲೇರಿದರೆ ಚದುರುತ್ತದೆ. ಅದಕ್ಕೇ ಎಲ್ಲರೂ ಕತ್ತಲಿರುವಾಗಲೇ ಬಂದಿದ್ದೆವು. ಒಬ್ಬರು ಮುಧೋಳ ನಾಯಿ ತಂದಿದ್ದರು. ಅದು ಕಣ್ಣಿನಿಂದ ಬೇಟೆ ಆಡುವ ತಳಿ. ಎರಡನೇ ಬಾವುಟ ದಾಟುತ್ತಿದ್ದಂತೆ ದೂರದಲ್ಲಿ ಬೆಳ್ಳಕ್ಕಿ ಕಂಡಿತು. ಮುಗಿಯಿತು. ಅದರ ಯಜಮಾನರು ನಗುತ್ತಲೇ ವಾಪಸ್ ಬಂದರು.

ನಮ್ಮ ಸರದಿ ಒಂಬತ್ತೂಕಾಲಿಗೆ. ಜಾಡು ಹಾಕಿದ ಹುಡುಗಿ ಎಂಟು ಗಂಟೆಗೇ ನಡೆದು ಹೋಗಿದ್ದಳು. ಬೆಲ್ಲ ಬಾವುಟದ ಬುಡದಲ್ಲಿ ಮೂಗು ಊರಿತು. ನಾಯಿ ಮೂಸುವುದನ್ನು ಹತ್ತಿರದಿಂದ ನೋಡಿದ್ದೀರಾ? ಉಸಿರನ್ನು ಮುಂದಿನಿಂದ ಎಳೆದುಕೊಂಡು ಮೂಗಿನ ಪಕ್ಕದ ಸೀಳುಗಳಿಂದ ಬಿಡುತ್ತದೆ. ಸೆಕೆಂಡಿಗೆ ನಾಲ್ಕೈದು ಸಲ. ಇಬ್ಬನಿ ಆರಿದ ಕಡೆ ಮೂಗಿನ ಎರಡೂ ಬದಿಗೆ ಕೆಂಪು ಧೂಳು ಪುಸಪುಸ ಎದ್ದು ಮೀಸೆಗೆ ಮೆತ್ತಿಕೊಳ್ಳುತ್ತಿತ್ತು. ಬಾಲ ನೆಟ್ಟಗೆ, ಹಗ್ಗ ಬಿಗಿ. ಮೊದಲ ತಿರುವು, ಎರಡನೇ ತಿರುವು, ಗೆರೆ ಎಳೆದಂತೆ ಹೋಯಿತು.

ಆಮೇಲೆ ಬದುವಿನ ಪಕ್ಕದ ನೇರ ದಾರಿ. ತುದಿಯಲ್ಲಿ ಜಮೀನಿನ ಗಡಿ ತೋರಿಸುವ ಬಾಂದು ಕಲ್ಲು. ಇಬ್ಬನಿಯ ಮೇಲೆ ಯಾರೋ ಕಲ್ಲಿನವರೆಗೆ ನಡೆದ ಗುರುತು ನನ್ನ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಹೊಲದಲ್ಲಿ ನಡೆಯುವವರು ತಿರುಗುವುದು ಬಾಂದು ಕಲ್ಲಿನ ಹತ್ತಿರ ಅಲ್ವಾ? ನಾನು 34 ವರ್ಷ ಅಲ್ಲೇ ತಿರುಗಿದ್ದೇನೆ. ಆದರೆ ಕಲ್ಲು ಇನ್ನೂ ಒಂದು ಸರಪಳಿ ದೂರ ಇರುವಾಗಲೇ ಬೆಲ್ಲ ನಿಂತಿತು. ತಲೆ ಎತ್ತಿ ಒಂದು ಸುತ್ತು ಹಾಕಿತು. ಎಡಕ್ಕೆ, ಅವರೆ ಸಾಲಿನ ಕಡೆ ಎಳೆಯಿತು. ಗಾಳಿ ಆ ಕಡೆಯಿಂದಲೇ ಬೀಸುತ್ತಿತ್ತು. ಅವರೆಯ ಸೊಗಡಿಗೆ ನನ್ನ ಬಾಯಲ್ಲೇ ನೀರೂರಿತ್ತು, ಇನ್ನು ನಾಯಿಗೆ ಆಗದೇ ಇರುತ್ತದೆಯೇ ಅಂದುಕೊಂಡೆ. ಹಗ್ಗ ಹಿಡಿದು ನಿಂತೆ. ಬೆಲ್ಲ ಇನ್ನೊಮ್ಮೆ ಎಳೆಯಿತು. ನಾನು ಸಡಿಲ ಬಿಡಲಿಲ್ಲ. ಆಗ ಅದು ಹಿಂದಕ್ಕೆ ತಿರುಗಿ ನನ್ನನ್ನು ನೋಡಿತು.

ನಿಮ್ಮ ಫೋಟೊಗ್ರಾಫರ್ ಕ್ಲಿಕ್ ಮಾಡಿದ್ದು ಆ ಕ್ಷಣದಲ್ಲಿ. ಕಂಗಾಲಾದ ಮುಖ ಅಲ್ಲ ಅದು. ‘ಇಲ್ಲಿದೆ ಅಂತ ಹೇಳ್ತಿದೀನಲ್ಲ, ಯಾಕೆ ಬರ್ತಿಲ್ಲ?’ ಅಂತ ಕೇಳುವ ಮುಖ. ಮನೆಯಲ್ಲಿ ಊಟದ ತಟ್ಟೆ ತಡವಾದರೂ ಹೀಗೇ ನೋಡುತ್ತದೆ.

‘ಬೆಲ್ಲ, ಬಾ ಈ ಕಡೆ’ ಅಂದೆ. ಪಾಪ, ಬಂತು. ಬಾಂದು ಕಲ್ಲಿನ ಕಡೆ ನನ್ನ ಸಮಾಧಾನಕ್ಕೆ ಅನ್ನುವ ಹಾಗೆ ಹತ್ತು ಹೆಜ್ಜೆ ನಡೆಯಿತು. ಮೂಗು ನೆಲಕ್ಕೆ ತಾಗಲೇ ಇಲ್ಲ. ಸೀಟಿ ಬಿತ್ತು.

ಜಾಡು ಹಾಕಿದ ಹುಡುಗಿ ಓಡಿ ಬಂದಳು. ‘ಅಂಕಲ್, ನಾನು ಎಡಕ್ಕೆ ತಿರುಗಿದ್ದು ಅಲ್ಲೇ. ಅದಕ್ಕೆ ಗೊತ್ತಿತ್ತು’ ಅಂದಳು. ಇಬ್ಬನಿಯ ಮೇಲೆ ನಾನು ನೋಡಿದ್ದು ಬೆಳಿಗ್ಗೆ ಹಸು ಹೊಡೆದುಕೊಂಡು ಹೋದವರ ಹೆಜ್ಜೆಯಂತೆ. ಬೆಲ್ಲನಿಗೆ ಅವರ ವಾಸನೆ ಬೇಕಿರಲಿಲ್ಲ, ಬಾವುಟದ ಬುಡದಲ್ಲಿ ಸಿಕ್ಕ ವಾಸನೆ ಬೇಕಿತ್ತು. ಫೇಲಾದ ನಾಯಿಗೂ ಬೇಸರ ಆಗಬಾರದು ಅಂತ ಜಡ್ಜ್ ಉಳಿದ ದಾರಿ ಮುಗಿಸಲು ಬಿಟ್ಟರು. ಈ ಸಲ ನಾನು ಹಗ್ಗದ ತುದಿ ಮಾತ್ರ ಹಿಡಿದಿದ್ದೆ. ಬೆಲ್ಲ ಅದೇ ಜಾಗಕ್ಕೆ ಹೋಗಿ ಎಡಕ್ಕೆ ತಿರುಗಿ, ಅವರೆ ಸಾಲಿನ ಅಂಚಿನಲ್ಲೇ ಸಾಗಿ, ಕಂದು ಬಣ್ಣದ ಉಣ್ಣೆ ಕೈಗವಸಿನ ಮುಂದೆ ಮಲಗಿತು. ಮುಂಗಾಲು ಎರಡೂ ಅದರ ಆಚೀಚೆ. ನಾನು ತಡೆದ ಜಾಗದಿಂದ ಅಲ್ಲಿಗೆ ಹೆಜ್ಜೆಯಲ್ಲಿ ಅಳೆದೆ. ಎರಡೂವರೆ ಸರಪಳಿ, ಅಷ್ಟೇ.

ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಕೋಶಗಳು ಸುಮಾರು 50-60 ಲಕ್ಷ, ನಾಯಿಗೆ 20 ಕೋಟಿಗೂ ಜಾಸ್ತಿ. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಎಳೆದೆ. ನಮ್ಮ ಗುರುಗಳು ಬೈಯಲಿಲ್ಲ. ‘ಸಾರ್, ತುಂಗಾ ಹಿಂದೆ ಓಡಿದವರು ನಿಮ್ಮ ಹಾಗೆ ನಿಂತಿದ್ರೆ ಏನಾಗ್ತಿತ್ತು ಹೇಳಿ’ ಅಂದರು. 2024ರಲ್ಲಿ ದಾವಣಗೆರೆ ಪೊಲೀಸರ ತುಂಗಾ 2 ಎಂಬ ನಾಯಿ ಸುಮಾರು ಎಂಟು ಕಿಲೋಮೀಟರ್ ಓಡಿ ಕೊಲೆ ಆರೋಪಿಯ ಮನೆ ತೋರಿಸಿದ್ದು ನಿಮ್ಮಲ್ಲೂ ಸುದ್ದಿಯಾಗಿತ್ತು. ಎಲ್ಲರೂ ನಾಯಿಯ ಮೂಗನ್ನು ಹೊಗಳಿದೆವು. ಹಗ್ಗ ಹಿಡಿದು ಅಷ್ಟು ದೂರ ಸುಮ್ಮನೆ ಹಿಂದೆ ಓಡಿದವರ ಕಷ್ಟ ನನಗೆ ಈಗ ಗೊತ್ತಾಗುತ್ತಿದೆ.

ಇನ್ನೊಂದು ಮಾತು. ಅಭ್ಯಾಸಕ್ಕೆ ಜಾಗ ಎಲ್ಲಿದೆ ಅಂತ ನಿಮ್ಮ ವರದಿಗಾರರು ಕೇಳಿದ್ದರು, ಉತ್ತರ ಅಚ್ಚಾಗಿಲ್ಲ. ಯಲಹಂಕದಾಚೆ ನಾವು ಹೋಗುತ್ತಿದ್ದ ಎರಡು ಬೀಳು ಜಮೀನಿನಲ್ಲೂ ಈಗ ಸೈಟಿನ ಕಲ್ಲು ನೆಟ್ಟಿದ್ದಾರೆ. ಅದರಲ್ಲಿ ಒಂದನ್ನು ಅಳೆದುಕೊಟ್ಟವನು ನಾನೇ, ಯಾರನ್ನು ಬೈಯಲಿ? ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗಿ ಎನ್ನುವವರಿದ್ದಾರೆ. ಅಲ್ಲಿ ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳಿವೆ, ನಾಯಿ ಬಿಡುವ ಜಾಗ ಅದಲ್ಲ. ರಾಗಿ ಕೊಯ್ಲು ಆದ ಮೇಲೆ ಒಂದೆರಡು ತಿಂಗಳು ಖಾಲಿ ಇರುವ ಹೊಲ ಯಾರಾದರೂ ಬಾಡಿಗೆಗೆ ಕೊಟ್ಟರೆ ಸಾಕು. ಬದು ತುಳಿಯುವುದಿಲ್ಲ, ಗಲೀಜು ನಾವೇ ಎತ್ತುತ್ತೇವೆ.

ತಿದ್ದುಪಡಿ ಹಾಕುವುದಾದರೆ ‘ದಾರಿ ತಪ್ಪಿದವರು ನಾಯಿಯ ಯಜಮಾನರು’ ಎಂದು ಹಾಕಿ, ನನಗೇನೂ ಬೇಜಾರಿಲ್ಲ. ಫೋಟೊ ಮಾತ್ರ ಬಹಳ ಚೆನ್ನಾಗಿದೆ. ಒಂದು ದೊಡ್ಡ ಪ್ರತಿ ಸಿಗುವುದಾದರೆ ದುಡ್ಡು ಕೊಟ್ಟು ತೆಗೆದುಕೊಳ್ಳುತ್ತೇನೆ, ಮಗನಿಗೆ ಕಳಿಸಬೇಕು. ಕೆಳಗಿನ ಸಾಲು ಇಲ್ಲದೆ ಕೊಡಿ.

ಒಬ್ಬ ನಿವೃತ್ತ ಸರ್ವೇಯರ್
ವಿದ್ಯಾರಣ್ಯಪುರ, ಬೆಂಗಳೂರು